ಗುಂಜಿಗೆ ಬಡಿಸಿ ಬಾಗಿಲು ಹಾಕಿದ್ದು

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮನ್ನು ನಮ್ಮದೇ ಮನೆಯಿಂದ ಹೊರಗೆ ಹಾಕಲಾಯಿತು.

ನನ್ನನ್ನು ಮತ್ತು ನನ್ನ ಹೆಂಡತಿ ಸುಮಾಳನ್ನು. ಹಾಕಿದವರು ಹಿಂದಿನ ಗಲ್ಲಿಯ ದೇವಮ್ಮ. ಮುಂಬಾಗಿಲು ಎಳೆದು, ಚಿಲಕ ಸಿಕ್ಕಿಸಿ, ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟೆ.

"ಸಾರ್, ನೋಡಂಗಿಲ್ಲ" ಎಂದರು.

ಒಳಗಿದ್ದದ್ದು ಒಂದೇ ಜೀವ. ಹೆಸರು ಗುಂಜಿ. ಜಾತಿ ಪಮೇರಿಯನ್. ವಯಸ್ಸು ಹತ್ತು. ತೂಕ ನಾಲ್ಕು ಕೆ.ಜಿ.ಗೆ ಸ್ವಲ್ಪ ಕಡಿಮೆ. ಐದು ದಿನಗಳಿಂದ ಅವಳು ತಾನಾಗಿ ಒಂದು ಅಗುಳನ್ನೂ ಮುಟ್ಟಿರಲಿಲ್ಲ. ಸೋಮವಾರ ಬೆಳಗಾಗುವುದರೊಳಗೆ ತಿನ್ನದಿದ್ದರೆ ಮೂಗಿನೊಳಗಿಂದ ಹೊಟ್ಟೆಗೆ ಟ್ಯೂಬ್ ಹಾಕಬೇಕು, ಈ ವಯಸ್ಸಿಗೆ ಅದನ್ನು ತಡೆದುಕೊಳ್ಳುತ್ತಾಳೆ ಎಂದು ಹೇಳಲಾರೆ ಎಂದಿದ್ದರು ಡಾಕ್ಟರ್.

ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು "ನೀನು ಕಣ್ಣಾರೆ ನೋಡಿದೆಯಾ?" ಎಂದು ವರದಿಗಾರರನ್ನು ಪೀಡಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ನೋಡಬೇಡಿ ಎಂದವರ ಮಾತಿಗೆ ತಲೆಯಾಡಿಸಿ ಸುಮ್ಮನೆ ನಿಂತದ್ದು ಅದೇ ಮೊದಲು.

ಇಲ್ಲಿಗೆ ಬಂದು ನಿಂತದ್ದು ಹೇಗೆ? ಅದಕ್ಕೆ ದಸರಾದಿಂದ ಶುರು ಮಾಡಬೇಕು.

ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಸಂಜೆಯಾದರೆ ಬೀದಿಯ ಮಕ್ಕಳ ದಂಡು ಬರುತ್ತದೆ. "ಆಂಟಿ, ಗೊಂಬೆ ಕೂರಿಸಿದೀರಾ?" ಎಂಬ ಪ್ರಶ್ನೆಗೆ ನಿಜವಾದ ಅರ್ಥ "ಇವತ್ತು ಏನು ಚರುಪು?" ಎಂದೇ. ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚುವ ಈ ತಿಂಡಿಯ ವಿಷಯದಲ್ಲಿ ಸುಮಾ ಬಲು ಕಟ್ಟುನಿಟ್ಟು. ಅಂಗಡಿಯದ್ದು ನಡೆಯುವುದಿಲ್ಲ. ಒಂದು ದಿನ ಕೋಡುಬಳೆ, ಒಂದು ದಿನ ರವೆ ಉಂಡೆ, ಇನ್ನೊಂದು ದಿನ ಕೈಗೆ ತುಪ್ಪ ಅಂಟುವ ಮೈಸೂರು ಪಾಕು. ಎಲ್ಲವೂ ಮನೆಯಲ್ಲೇ ಆಗಬೇಕು.

ಮಕ್ಕಳು ಗೊಂಬೆಯನ್ನು ಎಷ್ಟು ಹೊತ್ತು ನೋಡುತ್ತಾರೆ? ಅರ್ಧ ನಿಮಿಷ. ಆಮೇಲೆ ನೋಡುವುದು ಗುಂಜಿಯನ್ನು. ಅವಳು ಹಿಂಗಾಲ ಮೇಲೆ ನಿಂತು, ಮುಂಗಾಲು ಜೋಡಿಸಿ, ದರ್ಬಾರಿಗೆ ಅರ್ಜಿ ತಂದವಳಂತೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. "ಪಾಪ, ಇದಕ್ಕೂ ಒಂಚೂರು" ಎಂದು ಒಂದು ಮಗು ಕೊಡುತ್ತಿತ್ತು. ಇನ್ನೊಂದು ಮಗುವೂ ಒಂಚೂರು. ಅವರನ್ನು ಕರೆತಂದ ಅಮ್ಮಂದಿರೂ ಒಂಚೂರು. ಯಾರೂ ಜಾಸ್ತಿ ಕೊಡಲಿಲ್ಲ. (ನಾನೂ ಕೊಟ್ಟೆ. ದಾಖಲೆಗೆ ಇರಲಿ.)

ಆಯುಧ ಪೂಜೆಯ ಸಂಜೆ ಗುಂಜಿ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಮೂಲೆಯಲ್ಲಿ ನಿಂತಳು. ವಾಂತಿ ಮಾಡಿದಳು. ಮತ್ತೆ ಮಾಡಿದಳು. ಊರಿಗೆ ಊರೇ ದೀಪಾಲಂಕಾರ ನೋಡಲು ಬೀದಿಗಿಳಿದಿತ್ತು. ಅದರ ನಡುವೆ ಸ್ಕೂಟರಿನಲ್ಲಿ, ಸುಮಾಳ ಸೆರಗಿನಲ್ಲಿ ಸುತ್ತಿಕೊಂಡು ಕ್ಲಿನಿಕ್ಕಿಗೆ ಹೋದೆವು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು. ಚಿಕ್ಕ ನಾಯಿಗಳಿಗೆ ಜಿಡ್ಡಿನ ತಿಂಡಿ ಹೀಗೆ ಮಾಡುತ್ತದಂತೆ.

"ಎಣ್ಣೆದು, ತುಪ್ಪದ್ದು ಏನಾದ್ರೂ ಕೊಟ್ರಾ?"

"ಒಂಚೂರು" ಎಂದಳು ಸುಮಾ.

"ಮೇಡಂ, ಇವಳ ಹೊಟ್ಟೆ ನಿಮ್ಮ ಮುಷ್ಟಿಯಷ್ಟೂ ಇಲ್ಲ. ಇವಳ ಲೆಕ್ಕದಲ್ಲಿ ಒಂಚೂರು ಅನ್ನೋದೇ ಇಲ್ಲ."

ಮಾರನೆಯ ದಿನ ಊರೆಲ್ಲ ಅಂಬಾರಿ ನೋಡುತ್ತಿದ್ದಾಗ ನಾವಿಬ್ಬರೂ ಡ್ರಿಪ್ ಬಾಟಲಿಯ ಹನಿ ನೋಡುತ್ತಿದ್ದೆವು. ಸುಮಾ ಇಡೀ ದಿನದಲ್ಲಿ ಆಡಿದ್ದು ಒಂದೇ ಮಾತು. "ನನ್ನ ಕೈಯಾರೆ ಮಾಡಿಟ್ಟೆ ಕಣ್ರೀ."

ಶುಕ್ರವಾರ ಗುಂಜಿಯನ್ನು ಮನೆಗೆ ಕಳಿಸಿದರು. ಇನ್ನು ಮೇಲೆ ಮನೆಯ ಅಡುಗೆಯೇ ಮದ್ದು. ಚೆನ್ನಾಗಿ ಬೆಂದ ಅನ್ನ, ಚರ್ಮ ತೆಗೆದ ಕೋಳಿಯ ಎದೆ ಮಾಂಸ, ಸ್ವಲ್ಪ ಸಿಹಿಗುಂಬಳ. ಉಪ್ಪು, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಒಂದು ಸಲಕ್ಕೆ ಎರಡೇ ಚಮಚ.

ಇಷ್ಟೇ ತಾನೆ? ನಾನೇ ಮಾಡುತ್ತೇನೆ ಎಂದೆ. (ಸುಮಾಗೆ ಒಲೆಯ ಮುಂದೆ ನಿಲ್ಲಲು ಧೈರ್ಯವಿರಲಿಲ್ಲ.) ಅಳತೆ ತಪ್ಪಲಿಲ್ಲ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದೆ. ಬಾಯಿಗಿಟ್ಟು ನೋಡಿದೆ. ನೆನೆದ ನ್ಯೂಸ್‌ಪ್ರಿಂಟ್ ತಿಂದಂತಿತ್ತು. ಗುಂಜಿ ಮೂಸಿದಳು, ಮುಖ ತಿರುಗಿಸಿದಳು.

ಕುಂಬಳ ಹೆಚ್ಚು ಮಾಡಿದೆ. ಮುಖ ತಿರುಗಿಸಿದಳು. ಅನ್ನ ಕಡಿಮೆ ಮಾಡಿದೆ. ಮುಖ ತಿರುಗಿಸಿದಳು. ಚಮಚದಲ್ಲಿ ಹಿಡಿದೆವು, ಬೆರಳಲ್ಲಿ ಸವರಿದೆವು. ಒಬ್ಬರು ಎತ್ತಿಕೊಂಡು ಇನ್ನೊಬ್ಬರು ಬಾಯಿ ತೆರೆಸಿದೆವು. ಪಕ್ಕದ ಮನೆಯವರು ಬಂದು ಸುತ್ತ ಕೂತರು. ಸುಮಾಳ ತಂಗಿ ವಿಡಿಯೋ ಕಾಲ್‌ನಲ್ಲಿ "ತಿನ್ನು ಬಂಗಾರಿ, ಚಿಕ್ಕಮ್ಮ ನೋಡ್ತಾ ಇದೀನಿ" ಎಂದಳು. ಬಂಗಾರಿ ಸೋಫಾದ ಕೆಳಗೆ ಹೋಗಿ ಮಲಗಿತು. ಶನಿವಾರ ರಾತ್ರಿಯ ಹೊತ್ತಿಗೆ ಅವಳ ಪಕ್ಕೆಲುಬು ಕೈಗೆ ಸಿಗುತ್ತಿತ್ತು.

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ದೇವಮ್ಮನ ದನಿ.

"ಏನ್ ಸುಮಕ್ಕ, ನಿಮ್ ಪೊಲೀಸಮ್ಮ ರಜಾ ಆಕವ್ಳಾ? ಮೂರು ದಿನದಿಂದ ಒಂದು ಬೈಗುಳ ಇಲ್ಲ!"

ಪೊಲೀಸಮ್ಮ ಎಂದರೆ ಗೇಟಿನ ಮುಂದೆ ಯಾರು ಹಾದರೂ ಬೊಗಳುವ ಗುಂಜಿ. ದೇವಮ್ಮ ಇಲವಾಲದಾಚೆಯ ಹಳ್ಳಿಯವರು. ಈಗ ನಮ್ಮ ಬಡಾವಣೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಮಹಾಲಯದ ಹದಿನೈದು ದಿನ ಮಾತ್ರ ಹಾಸ್ಟೆಲಿನ ಕೆಲಸಕ್ಕೆ ಅರ್ಧ ರಜೆ ಹಾಕುತ್ತಾರೆ. ಹಿರಿಯರಿಗೆ ಎಡೆ ಇಡುವ ಮನೆಗಳಿಗೆಲ್ಲ ಅಡುಗೆಗೆ ಅವರೇ ಬೇಕು. ತೀರಿಹೋದ ಅಪ್ಪ, ಅಜ್ಜಿಯರಿಗೆ ಇಷ್ಟವಿದ್ದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸುವ ಅಡುಗೆ ಅದು.

ಸುಮಾ ಎಲ್ಲವನ್ನೂ ಹೇಳಿ ಅತ್ತಳು. ದೇವಮ್ಮ ಒಳಗೆ ಬಂದರು. ಗುಂಜಿಯ ಹತ್ತಿರ ಹೋಗಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ನನ್ನ ಐದನೆಯ ಪ್ರಯೋಗದ ಮುಚ್ಚಳ ತೆಗೆದು ಮೂಸಿದರು.

"ಸಾರ್, ಇದನ್ನ ಬಾಯಿಗಿಟ್ಟು ನೋಡಿದ್ರಾ?"

"ಹೂಂ. ರುಚಿ ನೋಡದೆ ಕೊಡೋದು ಹೇಗೆ?"

"ತಿನ್ನೋರು ನೀವಾ?"

ಅವರು ಕುಕ್ಕರಿನ ಮುಚ್ಚಳ ಎತ್ತಿ, ಒಳಗಿನ ರಬ್ಬರ್ ಬಿಚ್ಚಿ ಮೂಗಿಗೆ ಹಿಡಿದರು. "ನುಗ್ಗೇಕಾಯಿ ಹುಳಿ ಮಾಡಿದ್ರಿ. ಇಂಗು ಜಾಸ್ತಿ ಆಗಿತ್ತು."

ಸುಮಾ ನನ್ನ ಮುಖ ನೋಡಿದಳು. ಹುಳಿ ಮಾಡಿದ್ದು ಹಬ್ಬಕ್ಕೆ ಮೊದಲು. ಇಂಗು ಜಾಸ್ತಿಯಾಗಿದ್ದೂ ನಿಜ. (ಆ ದಿನ ನಾನೇ ಗೊಣಗಿದ್ದೆ.)

ಆಮೇಲೆ ಗುಂಜಿಯ ಸ್ಟೀಲ್ ಬಟ್ಟಲು. "ನಿಂಬೆಹಣ್ಣಿನ ಸೋಪು. ನನ್ನ ಮೂಗಿಗೇ ಇಂಗೆ ಒಡೀತದೆ. ಇದು ಮೂಗಲ್ಲೇ ಬದುಕೋ ಪ್ರಾಣಿ. ಅದಕ್ಕೆ ಎಂಗಿರಬೇಡ? ನೀವು ಕೊಟ್ಟಿದ್ದು ಕೋಳಿ ಅನ್ನ ಅಲ್ಲ ಸಾರ್. ಇಂಗು, ಹುಳಿ, ಸೋಪು."

ನಾನು ಐದು ಸಲ ತಿದ್ದಿದ್ದೆ. ಐದು ಸಲವೂ ನನ್ನ ನಾಲಿಗೆಗೆ ತಿದ್ದಿದ್ದೆ.

ದೇವಮ್ಮ ಮನೆಗೆ ಹೋಗಿ ಒಂದು ಪುಟ್ಟ ಮಣ್ಣಿನ ಕುಡಿಕೆ ತಂದರು. ಎಡೆಯ ಅಡುಗೆಗೆಂದು ಗಂಜಿ ಕಾಯಿಸಿ ಪಳಗಿಸಿದ್ದು, ಬೇರೇನೂ ಬೇಯಿಸಿಲ್ಲ ಎಂದರು. ಬೆಳಿಗ್ಗೆ ಹಾಸ್ಟೆಲಿನಲ್ಲಿ ಈರುಳ್ಳಿ ಹೆಚ್ಚಿದ ಕೈಯನ್ನು ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆದರು. ಮೂಸಿದರು. ಮತ್ತೆ ತೊಳೆದರು. ಮೂರನೆಯ ಸಲ ಮೂಸಿ ಒಪ್ಪಿದರು.

ಆಮೇಲೆ ನಾನು ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅಕ್ಕಿಯನ್ನು ಏಳೆಂಟು ನೀರಿನಲ್ಲಿ ತೊಳೆದರು. ಮಾಂಸದಲ್ಲಿ ಬಿಳಿ ಎಳೆಯೊಂದು ಉಳಿಯದಂತೆ ಜಿಡ್ಡು ತೆಗೆದರು. ಸಣ್ಣ ಉರಿಯಲ್ಲಿ ಕುಡಿಕೆಯಿಟ್ಟು ಪಕ್ಕದಲ್ಲೇ ನಿಂತರು. ಸೌಟು ಹಾಕಲಿಲ್ಲ, ಗಡಿಯಾರ ನೋಡಲಿಲ್ಲ, ಬಾಯಿಗಿಡಲಿಲ್ಲ. ಆಗಾಗ ಕಣ್ಣು ಮುಚ್ಚಿ ಹಬೆಯ ಕಡೆ ಮುಖ ಒಯ್ಯುತ್ತಿದ್ದರು.

"ಎಡೆಗೆ ಮಾಡೋದನ್ನ ಹಿರಿಯರಿಗಿಂತ ಮುಂಚೆ ನಾವು ಬಾಯಿಗಿಡಂಗಿಲ್ಲ ಸಾರ್. ನಮ್ಮತ್ತೆ ಮೂವತ್ತು ಜನದ ಅಡುಗೇನ ಮೂಗಲ್ಲೇ ಇಳಿಸೋರು. ಉಪ್ಪೂ ಮೂಗಲ್ಲೇ."

"ಉಪ್ಪಿಗೆ ವಾಸನೆ ಇದೆಯಾ?"

"ಇಲ್ಲ. ಬಿದ್ದ ಮೇಲೆ ಸಾರಿನ ವಾಸನೆ ಬೇರೆ ಆಯ್ತದೆ. ನೀವು ಪೇಪರ್ನೋರು, ನಂಬಲ್ಲ ಬುಡಿ."

ಇದ್ದಕ್ಕಿದ್ದಂತೆ ಒಲೆ ಆರಿಸಿದರು. ನಾನು ಫೋರ್ಕ್ ಚುಚ್ಚಿ ನೋಡಿದೆ. (ಚಟ.) ಮಾಂಸ ಹತ್ತಿಯಂತೆ ಬಿಟ್ಟುಕೊಂಡಿತು. ಅಕ್ಕಿ ಅರಳಿತ್ತು, ಒಡೆದಿರಲಿಲ್ಲ. ಒಂದು ನಿಮಿಷ ಮೊದಲು ಆರಿಸಿದ್ದರೆ ಗಟ್ಟಿ, ತಡವಾಗಿದ್ದರೆ ಮುದ್ದೆ. ನನ್ನ ಅಡುಗೆಮನೆಯಲ್ಲಿ, ನನ್ನ ಒಲೆಯ ಮೇಲೆ, ಹೀಗೂ ಒಂದು ವಿದ್ಯೆ ನಡೆಯಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಮಾಂಸವನ್ನು ದಾರದಷ್ಟು ತೆಳ್ಳಗೆ ಬಿಡಿಸಿ, ಬೆಂದ ಸಿಹಿಗುಂಬಳದ ಚೂರುಗಳೊಂದಿಗೆ ಅನ್ನಕ್ಕೆ ಬೆರೆಸಿದರು. ಹಬ್ಬಕ್ಕೆ ತಂದು ಉಳಿದಿದ್ದ ಬಾಳೆ ಎಲೆಯಿಂದ ಅಂಗೈಯಗಲ ಕತ್ತರಿಸಿಕೊಂಡರು. ಎರಡು ಚಮಚ ಬಡಿಸಿ, ಮುಂಗೈಯಲ್ಲಿ ಬಿಸಿ ನೋಡಿ, ಸೋಫಾದಿಂದ ನಾಲ್ಕಡಿ ದೂರ ನೆಲದ ಮೇಲಿಟ್ಟರು. ಸುಮಾ ಎಂದಿನಂತೆ ಎಲೆಯ ಪಕ್ಕ ಕೂರಲು ಹೋದಳು.

"ಏಳಿ ಸುಮಕ್ಕ. ಆಚೆ ನಡೀರಿ ಎಲ್ರೂ."

"ಯಾಕೆ?"

"ಎಡೆ ಇಟ್ಮೇಲೆ ಬಾಗಿಲು ಹಾಕ್ಕೊಂಡು ಆಚೆ ಬರಲ್ವಾ ನಾವು? ಎದುರಿಗೆ ಕೂತು ನೋಡ್ತಿದ್ರೆ ಹಿರಿಯರು ಬರ್ತಾರಾ?"

"ಅಯ್ಯೋ ದೇವಮ್ಮ, ನಾಯಿಗೆ ಎಡೆನಾ?"

"ಎಡೆ ಅಲ್ಲ ಕಣಕ್ಕ, ಮರ್ಯಾದೆ. ಮನೆಗೆ ಬಂದಾಗಿಂದ ಇಷ್ಟು ಜನ ಅದರ ಬಾಯನ್ನೇ ನೋಡ್ತಾ ಕೂತವ್ರೆ. ಹುಷಾರಿಲ್ಲದಾಗ ನನ್ನ ಎದುರಿಗೆ ಇಂಗೆ ಕೂತ್ರೆ ನಾನೂ ತಿನ್ನಕಿಲ್ಲ."

ನಾನು ಮೊಬೈಲನ್ನು ಟಿ.ವಿ.ಗೆ ಒರಗಿಸಿ, ರೆಕಾರ್ಡಿಂಗ್ ಆನ್ ಮಾಡಿ, ಏನೂ ತಿಳಿಯದವನಂತೆ ಹೊರಟೆ. ದೇವಮ್ಮ ಅದನ್ನು ತಂದು ಕೈಗೆ ಕೊಟ್ಟರು. "ಇದಕ್ಕೂ ಕಣ್ಣೈತೆ ಸಾರ್."

ಹೀಗೆ ನಾವು ಹೊರಗೆ.

ಹತ್ತು ನಿಮಿಷ ಏನೂ ಇಲ್ಲ. ಬೀದಿಯಲ್ಲಿ ಸೊಪ್ಪಿನ ಗಾಡಿ ಹೋಯಿತು. ಸುಮಾ ಕಂಬ ಹಿಡಿದು ನಿಂತಿದ್ದಳು.

"ತಿನ್ನದಿದ್ರೆ?" ಎಂದಳು.

"ತಿನ್ನದಿದ್ರೆ ಮದ್ಯಾನ ಮತ್ತೆ ಮಾಡನ. ಕರೆದ ತಕ್ಷಣ ಬರಕ್ಕೆ ಅವಳೇನು ನಮ್ಮ ಆಳಾ?"

ಆಗ ಒಳಗಿನಿಂದ ಒಂದು ಸದ್ದು ಬಂತು. ಟೈಲ್ಸ್ ಮೇಲೆ ಉಗುರಿನ ಸದ್ದು. ಟಿಕ್, ಟಿಕ್, ಟಿಕ್. ನಿಂತಿತು. ದೇವಮ್ಮ ಅಲುಗಬೇಡಿ ಎಂಬಂತೆ ಕೈಯೆತ್ತಿದರು. ಮತ್ತೆರಡು ಸಲ ಟಿಕ್, ಟಿಕ್. ಆಮೇಲೆ ಪೂರ್ತಿ ಮೌನ. ಚುನಾವಣಾ ಫಲಿತಾಂಶ, ಭೂಕಂಪ, ದೊಡ್ಡವರ ಸಾವು, ಎಲ್ಲಕ್ಕೂ ಕಾದು ಕೂತ ಅನುಭವ ನನಗುಂಟು. ಅಂಗೈಯಗಲದ ಎಲೆಯೊಂದರ ಸುದ್ದಿಗೆ ಹಾಗೆ ಉಸಿರು ಬಿಗಿಹಿಡಿದು ಕಾದದ್ದಿಲ್ಲ.

ಇನ್ನೂ ಹತ್ತು ನಿಮಿಷ ಕೂರಿಸಿದರು ದೇವಮ್ಮ. ಆಮೇಲೆ ಎದ್ದು, ಬೆರಳ ಗೆಣ್ಣಿನಿಂದ ಬಾಗಿಲನ್ನು ಮೂರು ಸಲ ಮೆಲ್ಲಗೆ ತಟ್ಟಿ ತೆರೆದರು.

ಇಟ್ಟ ಜಾಗದಲ್ಲಿ ಎಲೆ ಇರಲಿಲ್ಲ. ಮೂರಡಿ ಆಚೆ, ಗೋಡೆಗೆ ಒತ್ತಿಕೊಂಡಿತ್ತು. ನೆಕ್ಕುತ್ತ ನೆಕ್ಕುತ್ತ ಅಲ್ಲಿಯವರೆಗೆ ತಳ್ಳಿಕೊಂಡು ಹೋಗಿದ್ದಳು. ಎಲೆಯ ಮೇಲೆ ಒಂದು ಚೂರು ಸಿಹಿಗುಂಬಳ ಬಿಟ್ಟರೆ ಹಸಿರು ಮಾತ್ರ. ಗುಂಜಿ ಕಿಟಕಿಯ ಬಿಸಿಲಿನಲ್ಲಿ ಮಲಗಿ ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು. ಸುಮಾ ಎಲೆಯನ್ನೆತ್ತಿ ಎರಡೂ ಬದಿ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ಕುಂಬಳ ಮೆಚ್ಚಲಿಲ್ಲ ನೋಡಿ, ಜಂಬ" ಎಂದರು ದೇವಮ್ಮ. ಕುಡಿಕೆ ತೊಳೆದು, ಬೇಡವೆಂದರೂ ಕೇಳದೆ ನಮ್ಮ ಮನೆಯಲ್ಲೇ ಬಿಟ್ಟು, ಹಾಸ್ಟೆಲಿನ ಮಧ್ಯಾಹ್ನದ ಅಡುಗೆಗೆ ಹೊತ್ತಾಯಿತೆಂದು ಹೊರಟರು.

ಸೋಮವಾರ ಡಾಕ್ಟರ್ ಟ್ಯೂಬ್ ಬೇಡವೆಂದರು. ನೋವಿನಲ್ಲಿರುವ ಪ್ರಾಣಿ ಸುತ್ತ ಜನವಿದ್ದರೆ ತಿನ್ನಲು ಹಿಂಜರಿಯುತ್ತದೆ, ವಾಸನೆಯ ವಿಷಯವೂ ಸರಿ, ಯಾರು ಹೇಳಿದರು ಎಂದು ಕೇಳಿದರು. ನಮ್ಮ ಹಿಂದಿನ ಗಲ್ಲಿಯವರು ಎಂದೆ.

ಈ ಒಂದು ವಾರದಲ್ಲಿ ಒಂದು ವಿಷಯ ಗಮನಿಸಿದೆ. ನಮ್ಮಲ್ಲಿ ಯಾರನ್ನೂ ಯಾರೂ ಸುಮ್ಮನೆ ಉಣ್ಣಲು ಬಿಡುವುದಿಲ್ಲ. ಪಂಕ್ತಿಯಲ್ಲಿ ಕೂತವರ ಎದುರು ನಿಂತು "ಇನ್ನೊಂದೇ ಒಂದು" ಎನ್ನುತ್ತೇವೆ. ಮಗುವಿನ ಹಿಂದೆ ತುತ್ತು ಹಿಡಿದು ಓಡುತ್ತೇವೆ. ಕಾಯಿಲೆಯವರ ಮಂಚದ ಸುತ್ತ ಕೂತು ಬಾಯಿಯನ್ನೇ ನೋಡುತ್ತೇವೆ. ಅದಕ್ಕೆ ಅಕ್ಕರೆ ಎಂದು ಹೆಸರಿಟ್ಟಿದ್ದೇವೆ. ಅಕ್ಕರೆ ಹೌದು, ಇಲ್ಲವೆನ್ನಲಾರೆ. ಆದರೆ ಮಾಡುವಾಗ ಕೂದಲೆಳೆಯಷ್ಟೂ ಮೈಮರೆಯದ ಆ ಹೆಂಗಸು, ಬಡಿಸಿದ ಮೇಲೆ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಬಡಿಸಿದ ಮೇಲೆ ಬೆನ್ನು ತಿರುಗಿಸಿ ಕೂರುವಷ್ಟು ನಂಬಿಕೆ, ನಮ್ಮಲ್ಲಿ ಎಷ್ಟು ಜನರ ಅಕ್ಕರೆಗಿದೆ?