ಮೂರನೆಯ ಕರೆ

ಇಂಗ್ಲೆಂಡಿನ ಡರ್ಬಿಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಐರಿಷ್ ನೃತ್ಯ ಸ್ಪರ್ಧೆಗೆ ಮುನ್ನೂರು ಮಕ್ಕಳು ಬಂದರೂ ಗೊಂದಲವಾಗುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೂರು ವೇದಿಕೆಗಳಲ್ಲೂ ಸಂಗೀತ ಶುರುವಾಗುತ್ತಿತ್ತು. ಎರಡನೆಯ ವೇದಿಕೆಯ ಪಕ್ಕ ಪಟ್ಟಿ ಹಿಡಿದು, ಮಕ್ಕಳನ್ನು ಕರೆದು ಸಾಲಾಗಿ ನಿಲ್ಲಿಸುವ ಕೆಲಸ ಬಾಗಲಕೋಟೆಯ ಕಾಶೀಬಾಯಿಯದು. ಮಗಳು ಶಾಂಭವಿ ಆ ನೃತ್ಯ ಕಲಿಯುತ್ತಿದ್ದಳು. ಅವಳ ಜೊತೆ ಬಂದು ಸುಮ್ಮನೆ ಕೂರಲಾರದೆ ತಾಯಿ ಈ ಕೆಲಸ ಹಿಡಿದಿದ್ದರು. ಮೂರು ಸಲ ಕರೆದರೂ ಬಾರದವರ ಹೆಸರನ್ನು ಹೊಡೆದುಹಾಕಬೇಕೆಂಬುದು ನಿಯಮ.

೨೦೦೩ರಲ್ಲಿ ಒಂದು ಮಧ್ಯಾಹ್ನ ಅವರು ನೂರಾ ಹದಿನಾಲ್ಕನೆಯ ನಂಬರನ್ನು ಕರೆದರು. ಅದು ಶಾಂಭವಿಯದು. ಯಾರೂ ಬರಲಿಲ್ಲ. ಎರಡನೆಯ ಸಲ ಕರೆದರು. ಅಕಾರ್ಡಿಯನ್ ನುಡಿಸುತ್ತಿದ್ದ ಮುದುಕ ಡೆಕ್ಲನ್, "ನಿಮ್ಮ ಮಗಳಲ್ಲವೇ? ಎರಡು ನಿಮಿಷ ಕಾಯೋಣ," ಎಂದ.

"ಬೆಳಿಗ್ಗೆ ಇನ್ನೊಬ್ಬರ ಮಗಳಿಗೆ ನಾನು ಕಾಯಲಿಲ್ಲ," ಎಂದ ಕಾಶೀಬಾಯಿ ಮೂರನೆಯ ಸಲ ಕರೆದು, ಮಗಳ ಹೆಸರಿನ ಮೇಲೆ ಗೆರೆ ಎಳೆದರು.

ಶಾಂಭವಿ ಓಡಿ ಬರುವಷ್ಟರಲ್ಲಿ ಉಳಿದವರು ಕುಣಿಯತೊಡಗಿದ್ದರು. ಬೂಟಿನ ಲೇಸು ಹರಿದಿತ್ತಂತೆ. "ಯು ನ್ಯೂ ಇಟ್ ವಾಸ್ ಮಿ, ಮಮ್ಮಿ," ಎಂದಳು. ಅಳಲಿಲ್ಲ.

"ಗೊತ್ತಿತ್ತವ್ವಾ," ಎಂದರು ತಾಯಿ.

ಮರುವರ್ಷ ಸಮಿತಿ ಇಡೀ ಸ್ಪರ್ಧೆಯ ಹೊಣೆಯನ್ನು ಕಾಶೀಬಾಯಿಗೆ ಒಪ್ಪಿಸಿತು. ಅಷ್ಟರಲ್ಲಿ ಶಾಂಭವಿ ನೃತ್ಯ ಬಿಟ್ಟಿದ್ದಳು. ಐದು ವರ್ಷ ಅವರು ಸ್ಪರ್ಧೆ ನಡೆಸಿದರು. ಅನ್ಯಾಯವಾಯಿತೆಂದು ಒಬ್ಬ ತಾಯಿಯೂ ದೂರಲಿಲ್ಲ. ಯಾಕೆ ಬಿಟ್ಟೆ ಎಂದು ಮಗಳನ್ನು ಕೇಳುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ.