ಬಿಸಿಲಿಗಿಟ್ಟ ಬಾಟಲಿಗಳು

ಕೋವಿಡ್ ಇಳಿದು ಮೈಸೂರು ಮತ್ತೆ ಮೊದಲಿನಂತಾಗುತ್ತಿದ್ದ ವರ್ಷ. ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಹಿಂದಿನ ಕಟ್ಟಡವೊಂದರಲ್ಲಿದ್ದ ಖಾಸಗಿ ನೀರು ಪರೀಕ್ಷಾ ಲ್ಯಾಬಿನಲ್ಲಿ ನಾನು ಹಿರಿಯ ಕೆಮಿಸ್ಟ್ ಆಗಿದ್ದೆ. ಬೋರ್‌ವೆಲ್ ನೀರಿನ ಗಡಸುತನ, ಹೋಟೆಲಿನ ಟ್ಯಾಂಕು, ಅಪಾರ್ಟ್‌ಮೆಂಟಿನ ಸಂಪು ಎಂದು ದಿನಗಳು ಸಪ್ಪಗೆ ಕಳೆಯುತ್ತಿದ್ದವು. ನಿವೃತ್ತಿ ಹತ್ತಿರವಾಗಿತ್ತು, ಇನ್ನು ಯಾವ ರಗಳೆಯೂ ಬೇಡ ಎಂದುಕೊಂಡಿದ್ದೆ. ಆಗ ಮಹದೇವಸ್ವಾಮಿ ಬಂದ.

ಮಹದೇವ ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವನು. ನನ್ನನ್ನು ಅಕ್ಕ ಎನ್ನುತ್ತಿದ್ದ, ನನ್ನ ಡಬ್ಬಿಯಿಂದಲೇ ಚಿತ್ರಾನ್ನ ತಿನ್ನುತ್ತಿದ್ದ. ನೀರಿನ ಮಾದರಿಯನ್ನು ಕಂದು ಗಾಜಿನ ಬಾಟಲಿಯಲ್ಲೇ ಏಕೆ ತರಬೇಕು ಎಂದು ಅವನು ಒಮ್ಮೆ ಕೇಳಿದ್ದ. ಕೆಲವು ಔಷಧಗಳು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಡೆದುಹೋಗುತ್ತವೆ. ನೋವಿನ ಮಾತ್ರೆಯಲ್ಲಿರುವ ಡೈಕ್ಲೋಫೆನಾಕ್ ಅಂಥದ್ದು. ಬರೀ ಬಾಯಲ್ಲಿ ಹೇಳಿದರೆ ಸಾಲದೆಂದು ಆ ಔಷಧ ಕರಗಿಸಿದ ನೀರನ್ನು ಒಂದು ಪಾರದರ್ಶಕ ಬಿಳಿ ಬಾಟಲಿಗೂ ಒಂದು ಕಂದು ಬಾಟಲಿಗೂ ತುಂಬಿ ದಿನವಿಡೀ ಬಿಸಿಲಿಗಿಟ್ಟೆ. ಸಂಜೆ ಎರಡನ್ನೂ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಿದೆ. ನೀರಿನಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ, ಒಂದೊಂದನ್ನೂ ಪರದೆಯ ಮೇಲೆ ಒಂದು ಏರುಗೆರೆಯಾಗಿ ತೋರಿಸುವ ಯಂತ್ರ ಅದು. ಆ ಏರಿಗೆ ನಾವು ಪೀಕ್ ಎನ್ನುತ್ತೇವೆ. ಬಿಳಿ ಬಾಟಲಿಯ ನೀರಿನಲ್ಲಿ ಡೈಕ್ಲೋಫೆನಾಕಿನ ಪೀಕ್ ನೆಲ ಕಚ್ಚಿತ್ತು, ಬೆಳಕು ತಡೆಯುವ ಕಂದು ಬಾಟಲಿಯದರಲ್ಲಿ ಹಾಗೆಯೇ ಉಳಿದಿತ್ತು. ಮಹದೇವ ಖುಷಿಯಿಂದ ನಕ್ಕಿದ್ದ. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಈ ಸಲ ಬರುವ ಹೊತ್ತಿಗೆ ಅವನು ಇಲವಾಲದಾಚೆಯ ಒಂದು ಮಾತ್ರೆ ಕಾರ್ಖಾನೆಯಲ್ಲಿ ಪರಿಸರ ಅಧಿಕಾರಿಯಾಗಿದ್ದ. ಬಳಸಿದ ನೀರನ್ನು ಶುದ್ಧೀಕರಿಸಿದ ಮೇಲೂ ಸ್ವಲ್ಪ ಔಷಧ ಉಳಿಯುತ್ತಿತ್ತು. ಅದನ್ನು ಬಯಲು ಕೊಳದಲ್ಲಿ ಬಿಸಿಲಿಗೆ ನಿಲ್ಲಿಸಿ ಆಮೇಲೆ ಹೊರಗೆ ಬಿಡುವ ಯೋಚನೆ ಅವನದು. ನಾನು ಹುರುಪಿನಿಂದಲೇ ಸಲಹೆ ಕೊಟ್ಟೆ. ಕೊಳ ಮೊಣಕಾಲುದ್ದಕ್ಕಿಂತ ಆಳ ಇರಬಾರದು, ಪಾಚಿ ಕಟ್ಟಲು ಬಿಡಲೇಬಾರದು, ಪಾಚಿ ಮುಚ್ಚಿದರೆ ಬೆಳಕು ಒಳಗಿಳಿಯುವುದಿಲ್ಲ ಎಂದೆ. ಎಲ್ಲ ಔಷಧವೂ ಬಿಸಿಲಿಗೆ ಒಡೆಯುವುದಿಲ್ಲ, ಒಡೆದ ಚೂರುಗಳೆಲ್ಲ ನಿರಪಾಯವೂ ಅಲ್ಲ ಎಂದೂ ಎಚ್ಚರಿಸಿದ್ದೆ. ಅವನು ಎಲ್ಲಕ್ಕೂ ತಲೆಯಾಡಿಸಿದ.

ಆಮೇಲೆ ಪ್ರತಿ ತಿಂಗಳೂ ಕಂದು ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಬರತೊಡಗಿದವು. ಮಾದರಿಯನ್ನು ಗ್ರಾಹಕರೇ ತೆಗೆದು ತಂದುಕೊಡುವುದು ನಮ್ಮಂಥ ಲ್ಯಾಬುಗಳ ವಾಡಿಕೆ. ಪ್ರತಿ ಸಲವೂ ನೀರು ಚೊಕ್ಕಟ. ಪ್ರತಿ ವರದಿಗೂ ನನ್ನ ಸಹಿ.

ಕೊಳದ ನೀರು ಹರಿದು ಸೇರುತ್ತಿದ್ದ ಕೆರೆಯನ್ನು ಉದಯಗಿರಿಯ ಮೀನಿನ ವ್ಯಾಪಾರಿ ಅಕ್ಬರ್ ಸಾಹೇಬರು ಮೀನು ಸಾಕಲು ಗುತ್ತಿಗೆಗೆ ಹಿಡಿದಿದ್ದರು. ಮೀನುಮರಿ ಬಿಡುವ ಮೊದಲು ಅವರು ಲ್ಯಾಬಿಗೆ ಬಂದು, ಕಾರ್ಖಾನೆಯ ನೀರಿನಿಂದ ತೊಂದರೆಯಿಲ್ಲವೇ ಎಂದು ಕೇಳಿದರು. ವರದಿಯನ್ನು ಮುಂದಿಟ್ಟು, ಧೈರ್ಯವಾಗಿ ಬಿಡಿ ಎಂದೆ. ಮಳಿಗೆಯ ಕೆಲಸವನ್ನು ತಮ್ಮನಿಗೆ ವಹಿಸಿ ಅವರು ಕೆರೆಯ ಬಳಿಯೇ ಗುಡಿಸಲು ಹಾಕಿಕೊಂಡರು.

ಬೇಸಿಗೆಯ ಕೊನೆಗೆ ಅವರು ಮತ್ತೆ ಬಂದರು. ಮೀನುಗಳು ಬಡಕಲಾಗಿವೆ, ದಿನಾ ಒಂದಷ್ಟು ಸತ್ತು ತೇಲುತ್ತಿವೆ ಎಂದರು. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು ಎಂದೆ. ಅವರು ಒಪ್ಪಲಿಲ್ಲ. "ಒಂದ್ಸಲ ನೀವೇ ಬಂದು ನೋಡ್ಬುಡಿ ಮೇಡಂ," ಎಂದರು.

ಮರುದಿನ ಮಧ್ಯಾಹ್ನ ಅವರ ಗೂಡ್ಸ್ ಆಟೊದಲ್ಲೇ ಹೋದೆ. ಮೊದಲು ಕಾರ್ಖಾನೆಯ ಕೊಳ ನೋಡೋಣವೆಂದು ಒಳಗೆ ನಡೆದವಳು ದಡದಲ್ಲೇ ನಿಂತುಬಿಟ್ಟೆ. ಕೊಳದ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪನೆಯ ಹಸಿರು ಪಾಚಿ ಕಂಬಳಿ ಹೊದಿಸಿದ ಹಾಗೆ ಹರಡಿತ್ತು. ಆ ನೀರು ಬಿಸಿಲು ಕಂಡು ತಿಂಗಳುಗಳೇ ಆಗಿದ್ದವು. ಹಾಗಾದರೆ ನನ್ನ ಯಂತ್ರ ಪ್ರತಿ ಸಲ ಚೊಕ್ಕಟ ಎಂದದ್ದು ಯಾವ ನೀರನ್ನು?

ಮಹದೇವ ಮಹಡಿಯ ಮೇಲಿದ್ದಾನೆ ಎಂದರು. ಹತ್ತಿ ನೋಡಿದರೆ ಕ್ಯಾಂಟೀನಿನವರು ಒಣಹಾಕಿದ್ದ ಸಂಡಿಗೆಯ ಪಕ್ಕದಲ್ಲಿ, ಪ್ಯಾರಾಪೆಟ್ಟಿನ ಮೇಲೆ ಬಿಳಿ ಗಾಜಿನ ಬಾಟಲಿಗಳ ಸಾಲು. ಪಾಚಿ ಸೋಸಿ ತೆಗೆದ ಕೊಳದ ನೀರು ಅವುಗಳಲ್ಲಿ ಬಿಸಿಲು ಕಾಯುತ್ತಿತ್ತು. ನೆರಳಿನಲ್ಲಿ ನಮ್ಮ ಲ್ಯಾಬಿನ ಚೀಟಿ ಅಂಟಿಸಿದ ಕಂದು ಬಾಟಲಿಗಳು ಬಾಯಿ ತೆರೆದು ಕೂತಿದ್ದವು. ಅಂದು ನಾನು ಕಲಿಸಿದ ಪಾಠವನ್ನು ಅವನು ಚಾಚೂ ತಪ್ಪದೆ ಮಾಡುತ್ತಿದ್ದ.

ನನ್ನನ್ನು ಕಂಡು ಅವನು ಬೆದರಲಿಲ್ಲ. ಅದೇ ಇನ್ನೂ ನೋಯಿಸಿತು.

"ನಾನೇನೂ ಬೆರೆಸಿಲ್ಲ ಕಣಕ್ಕ," ಎಂದ. "ಕೊಳ ಕ್ಲೀನ್ ಮಾಡ್ಸಕ್ಕೆ ಮೇಲ್ನೋರು ಒಪ್ತಿಲ್ಲ. ಬಿಸ್ಲು ಅಲ್ಲಿ ಮಾಡೋ ಕೆಲ್ಸಾನೇ ಇಲ್ಲೂ ಮಾಡ್ತದೆ. ನೀವೇ ತಾನೆ ಹೇಳ್ಕೊಟ್ಟಿದ್ದು?"

"ಕೆರೆಗೆ ನೀರು ಈ ಬಾಟ್ಲಿಯಿಂದ ಹೋಗುತ್ತೇನೋ?" ಎಂದೆ. ಅವನು ಸಂಡಿಗೆಯ ಕಡೆ ನೋಡಿದ.

ನಾನೇ ಕೊಳಕ್ಕಿಳಿದು ಕಂದು ಬಾಟಲಿಗೆ ನೀರು ತುಂಬಿ, ಮೇಲೆ ಫಾಯಿಲ್ ಸುತ್ತಿ ತಂದೆ. ಪರದೆಯ ಮೇಲೆ ಡೈಕ್ಲೋಫೆನಾಕಿನ ಪೀಕ್ ಗೋಪುರದ ಹಾಗೆ ಎದ್ದಿತು. ಅದೇ ನೀರಿನ ಒಂದು ಪಾಲನ್ನು ಸೋಸಿ ಬಿಳಿ ಬಾಟಲಿಯಲ್ಲಿ ಲ್ಯಾಬಿನ ಮಹಡಿಯ ಮೇಲೆ ಒಂದು ದಿನ ಬಿಸಿಲಿಗಿಟ್ಟಾಗ, ಮಹದೇವ ತರುತ್ತಿದ್ದ ಚೊಕ್ಕಟ ನೀರೇ ಸಿಕ್ಕಿತು. ಮೀನು ಸತ್ತದ್ದು ಈ ಔಷಧದಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ನನ್ನ ಸಹಿಯಿದ್ದ ವರದಿಗಳು ಮಾತ್ರ ಆ ಕೊಳದ ನೀರಿನವಲ್ಲ ಎಂಬುದು ಖಚಿತವಾಯಿತು. ಹಳೆಯ ವರದಿಗಳನ್ನೆಲ್ಲ ಹಿಂತೆಗೆದುಕೊಂಡು ಸಂಬಂಧಪಟ್ಟವರಿಗೆ ದೂರು ಬರೆದೆ. ಕಾರ್ಖಾನೆ ನೀರು ಬಿಡುವುದನ್ನು ನಿಲ್ಲಿಸಿತು. ಮಹದೇವನನ್ನು ಬೇರೆ ಊರಿನ ಘಟಕಕ್ಕೆ ಕಳಿಸಿದರಂತೆ. ಅವನು ಒಮ್ಮೆಯೂ ಫೋನ್ ಮಾಡಲಿಲ್ಲ. ಮಾಡಿದ್ದರೂ ನಾನು ಎತ್ತುತ್ತಿರಲಿಲ್ಲ.

ಅಕ್ಬರ್ ಸಾಹೇಬರು ಅಷ್ಟರಲ್ಲಿ ಗುತ್ತಿಗೆ ಬಿಟ್ಟು ಉದಯಗಿರಿಯ ಮಳಿಗೆಗೆ ಮರಳಿದ್ದರು. ಹೊಸ ವರದಿಯನ್ನು ನಾನೇ ಒಯ್ದು ಕೊಟ್ಟು, ಈ ಸಲ ಮಾದರಿ ನಾನೇ ತೆಗೆದದ್ದು, ಇದು ನಿಜವಾದ ವರದಿ ಎಂದೆ. ಅವರು ಬಿಡಿಸಿ ನೋಡದೆ ಅದನ್ನು ತಕ್ಕಡಿಯ ಪಕ್ಕ ಇಟ್ಟರು.

"ಮೊದಲ್ನೇದೂ ನಾನು ಓದಿರ್ಲಿಲ್ಲ ಮೇಡಂ," ಎಂದರು. "ನಿಮ್ಮ ಮುಖ ನೋಡಿ ಮರಿ ಬಿಟ್ಟಿದ್ದೆ."

ಆಮೇಲೆ ಕೆಲಸದಲ್ಲಿ ಇದ್ದಷ್ಟು ದಿನ, ಯಾವ ನೀರಿಗೆ ಸಹಿ ಹಾಕಬೇಕಿತ್ತೋ ಆ ನೀರಿನ ದಡಕ್ಕೆ ನಾನೇ ಹೋಗಿ ಬಾಟಲಿ ತುಂಬಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದನ್ನು ನನ್ನ ಕೈಯಲ್ಲೇ ಪಾಠ ಕಲಿತವನಿಂದ ಕಲಿಯಬೇಕಾಯಿತು. ಉದಯಗಿರಿಯ ಆ ಮಳಿಗೆಯ ಮುಂದೆ ಹಾದುಹೋಗಲು ಇವತ್ತಿಗೂ ನನಗೆ ಮುಖವಿಲ್ಲ.