ಕಬಕದ ಲೋಲಾಕ್ಷಿಯ ಸಾಮಾನು ಕೋಣೆಗಳು

ಗೇರುಬೀಜದ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತಮೂರು ವರ್ಷ ದುಡಿದ ಲೋಲಾಕ್ಷಿಗೆ ಒಂದು ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಸಂಶಯವಿರಲಿಲ್ಲ. ಈ ಸೀಮೆಯಲ್ಲಿ ಸಾಮಾನು ಹಾಳಾಗುವುದು ಕಳ್ಳರಿಂದಲ್ಲ, ತೇವದಿಂದ. ಕಾರ್ಖಾನೆ ಮುಚ್ಚಿದಾಗ ಅವಳಿಗೆ ನಲವತ್ತೆಂಟು. ಜತೆಯ ಹೆಂಗಸರು ಬೀಡಿ ಕಟ್ಟಲು ಕುಳಿತರು. ಲೋಲಾಕ್ಷಿ ಸೀದಾ ಯಜಮಾನರ ಮನೆಗೆ ಹೋಗಿ, ಕಬಕದಲ್ಲಿ ಖಾಲಿ ಬಿದ್ದಿದ್ದ ಅವರ ಗೋದಾಮನ್ನು ಬಾಡಿಗೆಗೆ ಕೇಳಿದಳು.

“ಅದರಲ್ಲಿ ಎಂತ ಮಾಡ್ತೀ?” ಎಂದರು ಯಜಮಾನರು.

“ಜನರ ಮನೆ ಸಾಮಾನು ಇಡುದು. ಮನೆ ಕೆಡವಿ ಕಟ್ಟುವವರು, ಬೇರೆ ಊರಿಗೆ ವರ್ಗ ಆದವರು ಸಾಮಾನನ್ನು ಎಲ್ಲಿಡ್ತಾರೆ ಹೇಳಿ? ನೆಂಟರ ಜಗಲಿಯಲ್ಲಿ. ಆರು ತಿಂಗಳಲ್ಲಿ ಸಾಮಾನೂ ಹಾಳು, ನೆಂಟಸ್ತಿಕೆಯೂ ಹಾಳು.”

ಯಜಮಾನರು ನಕ್ಕು ಬೀಗದ ಕೈ ಕೊಟ್ಟರು.

ಗೋದಾಮಿನ ಒಳಗೆ ಗೋಡೆ ಎಬ್ಬಿಸಿ ಒಂಬತ್ತು ಕೋಣೆ ಮಾಡಿಸಿದಳು. ಒಂದೊಂದಕ್ಕೂ ಬೇರೆ ಶಟರು, ಬೀಗ ಸಾಮಾನಿನವರದ್ದೇ. ಗಂಡ ಬೆಳ್ಯಪ್ಪನ ಪಿಕಪ್ ಇದ್ದುದರಿಂದ ಸಾಗಾಟದ ಚಿಂತೆಯಿರಲಿಲ್ಲ. ಕಾರ್ಖಾನೆಯಲ್ಲಿ ಬೀಜ ಹುರಿಯುತ್ತಿದ್ದ ಸೀನ ಎತ್ತಿಳಿಸುವ ಕೆಲಸಕ್ಕೆ ಜತೆಯಾದ. ಲೋಲಾಕ್ಷಿಯ ಕ್ರಮಗಳೆಲ್ಲ ಹಳೆಯ ಕೆಲಸದಿಂದಲೇ ಬಂದವು. ಯಾವ ವಸ್ತುವೂ ನೆಲ ಮುಟ್ಟಬಾರದು, ಕೆಳಗೆ ಕೆಂಪುಕಲ್ಲು, ಅದರ ಮೇಲೆ ಹಲಗೆ. ಗೋಡೆಗೂ ಸಾಮಾನಿಗೂ ನಡುವೆ ಒಂದು ಗೇಣು ಗಾಳಿ. ಹಾಸಿಗೆ ಮಲಗಿಸಬಾರದು, ನಿಲ್ಲಿಸಬೇಕು. ಫ್ರಿಜ್ಜಿನ ಬಾಗಿಲಿಗೆ ತೆಂಗಿನ ಗೆರಟೆ ಕೊಟ್ಟು ತೆರೆದಿಡಬೇಕು. ಮೂಲೆಮೂಲೆಗೆ ಬಟ್ಟಲಲ್ಲಿ ಸುಣ್ಣದ ಕಲ್ಲು. ಅದು ತೇವ ಎಳೆದು ಪುಡಿಯಾದರೆ ಬೇರೆ ಇಡಬೇಕು. ತಿಂಗಳಿಗೊಮ್ಮೆ ಬಿಸಿಲು ಬಿದ್ದ ದಿನ ಶಟರು ಎತ್ತಬೇಕು. ಅದಕ್ಕೆಂದೇ ಹೆಚ್ಚಿನವರು ಇನ್ನೊಂದು ಕೀಲಿಕೈಯನ್ನು ಅವಳ ಹತ್ತಿರವೇ ಬಿಟ್ಟು ಹೋಗುತ್ತಿದ್ದರು.

ನಾಲ್ಕನೆಯ ವರ್ಷ, ಏಪ್ರಿಲಿನಲ್ಲಿ, ಉಪ್ಪಿನಂಗಡಿಯ ನೌಷಾದ್ ಬಂದ. ಹೊಳೆಯ ಬದಿಯ ಮನೆ. ಎರಡು ಸಲ ಒಳಗೆ ನೀರು ನುಗ್ಗಿದ ಮೇಲೆ ಅದನ್ನು ಕೆಡವಿ, ಎತ್ತರದ ಅಡಿಪಾಯ ಹಾಕಿ ಕಟ್ಟಿಸಲು ಹೊರಟಿದ್ದ.

“ಎಲ್ಲ ಸಾಮಾನು ಒಂದು ವರ್ಷಕ್ಕೆ ನಿಮ್ಮಲ್ಲಿ ಅಕ್ಕ. ಒಂದೇ ತೊಂದರೆ, ನಮ್ಮ ಉಮ್ಮ.”

ತೊಂದರೆ ಏನೆಂದು ಲೋಲಾಕ್ಷಿಗೆ ಮನೆಗೆ ಹೋದಾಗ ತಿಳಿಯಿತು. ಎಪ್ಪತ್ತು ದಾಟಿದ ಅವನ ತಾಯಿ ಬೀಫಾತಿಮ್ಮ ಒಳಕೋಣೆಯಲ್ಲಿ ಪತ್ತಾಯಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. ಪತ್ತಾಯವೆಂದರೆ ಅಕ್ಕಿ ತುಂಬಿಡುವ ಹಲಸಿನ ಮರದ ಪೆಟ್ಟಿಗೆ, ಆಳೆದೆಯಷ್ಟು ಎತ್ತರ. ಬಾಗಿಲಿಗಿಂತ ಅದೇ ಅಗಲ. ನಾಲ್ಕು ತುಂಡು ಮಾಡಿ ಹೊರಗೆ ತೆಗೆಯಲೆಂದು ನೌಷಾದ್ ಗರಗಸದವನನ್ನು ಕರೆಸಿದ್ದ. ಅವನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ.

“ಇದನ್ನು ಕೊಯ್ಯುದಾದರೆ ಮೊದಲು ನನ್ನನ್ನು ಕೊಯ್ಯಲಿ,” ಎಂದರು ಬೀಫಾತಿಮ್ಮ.

ಲೋಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಬೈಲಿನ ಟಾರ್ಚು ಹಿಡಿದು ಪತ್ತಾಯಕ್ಕೆ ಒಂದು ಸುತ್ತು ಬಂದಳು. ಮೂಲೆಗಳಲ್ಲಿ ಬೆರಳಾಡಿಸಿದಳು.

“ಉಮ್ಮ, ಇದರಲ್ಲಿ ಒಂದು ಮೊಳೆ ಇಲ್ಲ. ಎಲ್ಲ ಬೆಣೆ ಹೊಡೆದು ಕೂರಿಸಿದ್ದು. ಕೂರಿಸಿದ್ದನ್ನು ಬಿಚ್ಚಲಿಕ್ಕೂ ಆಗ್ತದೆ.”

“ಬಿಚ್ಚಿದ್ದನ್ನು ಯಾರು ಕೂರಿಸುದು?”

“ನಾನು.”

ಆ ಒಂದು ಮಾತಿಗೆ ಮುದುಕಿ ಎದ್ದು ದಾರಿ ಬಿಟ್ಟರು. ಸೀನ ಮರದ ಕೊಡತಿಯಿಂದ ಬೆಣೆಗಳನ್ನು ಮೆಲ್ಲಗೆ ತಟ್ಟಿ ತೆಗೆದ. ಒಟ್ಟು ಇಪ್ಪತ್ತಾರು ಹಲಗೆ. ಲೋಲಾಕ್ಷಿ ಒಂದೊಂದರ ಹೊರಮೈಗೂ ಸೀಮೆಸುಣ್ಣದಲ್ಲಿ ನಂಬರು ಬರೆದು, ಗೋಣಿ ಸುತ್ತಿ ಪಿಕಪ್ ಹತ್ತಿಸಿದಳು.

ಮಳೆಗಾಲ ಕಳೆಯಿತು. ಮರುವರ್ಷ ಮಾರ್ಚಿನಲ್ಲಿ ಹೊಸ ಮನೆ ತಯಾರಾಯಿತೆಂದು ನೌಷಾದ್ ಫೋನು ಮಾಡಿದ. ಲೋಲಾಕ್ಷಿ ಕೋಣೆ ತೆರೆದು ಹಲಗೆಗಳ ಗೋಣಿ ಬಿಚ್ಚಿ ನೋಡುತ್ತಾಳೆ, ಒಂದರಲ್ಲೂ ನಂಬರಿಲ್ಲ. ಹೊರಮೈಗಳೆಲ್ಲ ಕಪ್ಪಗೆ ಹೊಳೆಯುತ್ತಿವೆ.

“ಸೀನ, ಇದಕ್ಕೆ ಎಂತ ಮಾಡಿದ್ದು?”

“ಗೇರುಸಿಪ್ಪೆಯ ಎಣ್ಣೆ ಕೊಟ್ಟದ್ದು ಅಕ್ಕ. ಆಟಿ ತಿಂಗಳ ಮಳೆಯಲ್ಲಿ ಈ ಗೋಡೆಗೆ ಗೆದ್ದಲು ಬಂದಿತ್ತಲ್ಲ? ಮರಕ್ಕೆ ಹತ್ತುದು ಬೇಡ ಅಂತ. ಒಳಮೈ ಮುಟ್ಟಲಿಲ್ಲ, ಅಕ್ಕಿ ಹಾಕುದಲ್ವಾ,” ಎಂದವನು ಅವಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಬೈಯುವ ಹಾಗಿರಲಿಲ್ಲ. ಅವನು ಎಣ್ಣೆ ಬಳಿಯದಿದ್ದರೆ ಇಷ್ಟರಲ್ಲಿ ಹಲಗೆಗಳೇ ಇರುತ್ತಿರಲಿಲ್ಲ. ಒರೆಸಿದರೆ ಹೋಗುವ ಸುಣ್ಣದಲ್ಲಿ ಬರೆದವಳು ತಾನು. ಲೋಲಾಕ್ಷಿ ಒಂದು ಚೊಂಬು ನೀರು ಕುಡಿದು ನೌಷಾದನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಹೋಗ್ಲಿ ಬಿಡಿ ಅಕ್ಕ, ಉಮ್ಮನಿಗೆ ಹೇಳುದು ಬೇಡ. ಹೊಸತು ಮಾಡಿಸ್ತೇನೆ.”

“ಅವರಿಗೆ ಹೇಳುದೇ ಮೊದಲು ಮಾರಾಯ. ತಪ್ಪು ನನ್ನದು, ಆದರೆ ಪತ್ತಾಯ ಎಲ್ಲಿಗೂ ಹೋಗಲಿಲ್ಲ. ನಾಳೆ ಬೆಳಿಗ್ಗೆ ಅವರನ್ನು ಇಲ್ಲಿಗೆ ಕರ್ಕೊಂಡು ಬಾ.”

ಬೀಫಾತಿಮ್ಮ ಬಂದವರು ಮೊದಲು ಕೋಣೆಯೊಳಗೆ ನಡೆದರು. ತನ್ನ ಹಾಸಿಗೆಗೆ ಮೂಗು ತಾಗಿಸಿ ನೋಡಿದರು, ಬೂಷ್ಟಿನ ವಾಸನೆಯಿಲ್ಲ. ಕಪಾಟಿನ ಬಾಗಿಲು ಎಳೆದರು, ಉಬ್ಬಿಲ್ಲ. ಆಮೇಲೆ ಹೊರಗೆ ಬಂದರು. ಹಿಂದೆ ಗೇರುಬೀಜ ಒಣಗಿಸುತ್ತಿದ್ದ ಅಂಗಳದಲ್ಲಿ ಇಪ್ಪತ್ತಾರು ಹಲಗೆಗಳೂ ಒಳಮೈ ಮೇಲಾಗಿ ಸಾಲಾಗಿ ಮಲಗಿದ್ದವು.

“ಉಮ್ಮ, ಪತ್ತಾಯ ಗುಡಿಸುತ್ತಿದ್ದದ್ದು ಯಾರು?”

“ನಾನೇ. ನಲವತ್ತು ವರ್ಷ ಬೇಸಿಗೆ ಬೇಸಿಗೆಗೆ ಒಳಗೆ ಇಳಿದು ಗುಡಿಸಿದ್ದೇನೆ.”

“ಹಾಗಾದರೆ ಒಳಗಿನದ್ದು ನಿಮಗೆ ಗೊತ್ತುಂಟು. ಈಗ ಇಳಿದಿದ್ದೀರಿ ಅಂತ ಇಟ್ಟುಕೊಳ್ಳಿ.”

ಬೀಫಾತಿಮ್ಮ ಸೀನ ತಂದಿಟ್ಟ ಕುರ್ಚಿಯಲ್ಲಿ ಕುಳಿತು ಸಾಲನ್ನು ನೋಡಿದರು. ಆಮೇಲೆ ಕುರ್ಚಿ ಬಿಟ್ಟು ನೆಲಕ್ಕೇ ಕುಳಿತು ಹಲಗೆಗಳ ಮೇಲೆ ಅಂಗೈ ಆಡಿಸತೊಡಗಿದರು. ಇಲಿ ಕಡಿದಲ್ಲಿ ತಗಡು ಹೊಡೆದದ್ದು ಹಿಂದಿನದ್ದು, ಅಡಿಯದ್ದು. ಸೇರು ಉಜ್ಜಿ ಉಜ್ಜಿ ನುಣುಪಾದದ್ದು ಮುಂದಿನದ್ದು, ಬಲಬದಿ. ಚಿಮಿಣಿ ದೀಪದ ಹೊಗೆ ಹಿಡಿದದ್ದು ಎಡಬದಿಯ ಮೇಲಿನದ್ದು. “ಇದರ ಗಂಟಿಗೆ ನನ್ನ ಬಳೆ ಸಿಕ್ಕಿ ಒಡೆದಿತ್ತು. ಇದು ಮೂಲೆಯದ್ದು. ಬರಿ ಮೋಳೆ, ಬರಿ.”

ಬ್ಯಾರಿ ಭಾಷೆಯಲ್ಲಿ ಮೋಳೆ ಎಂದರೆ ಮಗಳು. ಲೋಲಾಕ್ಷಿ ಈ ಸಲ ಸೀಮೆಸುಣ್ಣ ಮುಟ್ಟಲಿಲ್ಲ. ಮೊಳೆಯ ತುದಿಯಿಂದ ಹಲಗೆಯ ಅಂಚಿನಲ್ಲಿ ನಂಬರು ಕೊರೆದಳು. ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಇಪ್ಪತ್ತು ಹಲಗೆಗಳ ಜಾಗ ಗೊತ್ತಾಗಿತ್ತು. ಉಳಿದವನ್ನು ಅವಳೂ ಸೀನನೂ ಒಂದೊಂದೇ ತೂತಿಗೆ ಹಿಡಿದು, ಕೂರದ್ದನ್ನು ಬದಿಗಿಟ್ಟು, ಕೂತದ್ದಕ್ಕೆ ಬೆಣೆ ಹೊಡೆದರು. ಕೊನೆಯ ಎರಡು ನೋಡಲು ಅವಳಿ. ಒಂದನ್ನು ಹಾಕಿದರೆ ಅರ್ಧ ಬೆರಳು ಹೊರಗೆ ನಿಂತಿತು. ಅದಲು ಬದಲು ಮಾಡಿದಾಗ ಎರಡೂ ಟಕ್ಕೆಂದು ಒಳಗೆ ಹೋದವು.

ಅಂಗಳದಲ್ಲಿ ಪತ್ತಾಯ ನಿಂತಿತು. ಬೀಫಾತಿಮ್ಮ ಎರಡು ಕೈಯಿಂದಲೂ ಅದನ್ನು ಅಲ್ಲಾಡಿಸಿ ನೋಡಿದರು. ಅದು ಜಗ್ಗಲಿಲ್ಲ.

“ಇನ್ನು ಇದನ್ನು ಎತ್ತಿಕೊಂಡು ಹೋಗುದಾ?”

“ಇಲ್ಲ ಉಮ್ಮ, ಇನ್ನು ಬಿಚ್ಚುದು. ನಿಮ್ಮ ಹೊಸ ಬಾಗಿಲು ಅಳೆದು ಬಂದಿದ್ದೇನೆ. ಅದರಲ್ಲಿಯೂ ಹಿಡಿಯುದಿಲ್ಲ.”

ಮುದುಕಿ ನಗತೊಡಗಿದವರು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ಸೀನನಿಗೂ ಆಗ ಜೀವ ಬಂತು.

ಮರುದಿನ ಉಪ್ಪಿನಂಗಡಿಯಲ್ಲಿ ಅದನ್ನು ಕೂರಿಸಲು ಎರಡು ಗಂಟೆಯೂ ಬೇಕಾಗಲಿಲ್ಲ. ಬೀಫಾತಿಮ್ಮ ಬಂದವರಿಗೆಲ್ಲ ಪತ್ತಾಯ ತೋರಿಸಿ ಕಬಕದ ಕಥೆ ಹೇಳಿದರು. ಆ ಬೀದಿಯಿಂದಲೇ ಮತ್ತೆ ಮೂರು ಮನೆಯವರು ಲೋಲಾಕ್ಷಿಯನ್ನು ಹುಡುಕಿಕೊಂಡು ಬಂದರು.

ಈಗ ಒಂಬತ್ತು ಕೋಣೆಗಳೂ ಭರ್ತಿ. ಹತ್ತನೆಯದಕ್ಕೆ ಗೋಡೆ ಏಳುತ್ತಿದೆ. ಮೊನ್ನೆ ಕಡಬದಿಂದ ಭವಿತಾ ಎಂಬ ಟೀಚರು ಫೋನು ಮಾಡಿ, ಬೀದರಿಗೆ ವರ್ಗವಾಗಿದೆ, ಸಾಮಾನು ಇಡಬಹುದೇ ಎಂದು ಕೇಳಿದರು.

“ಇಡ್ಬಹುದು ಟೀಚರೇ. ಪುಸ್ತಕ ಎಷ್ಟುಂಟು?”

“ಸುಮಾರುಂಟು. ಅದೇ ಹೆದರಿಕೆ.”

“ಹೆದರುದು ಎಂತಕೆ? ನೀವು ಕಟ್ಟಲಿಕ್ಕೆ ಹೋಗ್ಬೇಡಿ. ಎರಡು ದಿನ ಬಿಸಿಲಿಗೆ ಹಾಕಿ ಇಡಿ. ಆದಿತ್ಯವಾರ ನಾನೇ ಬರ್ತೇನೆ.”